ಡಿಎನ್‌ಎಸ್‌ಗೆ ಯಾವ ಸಾಫ್ಟ್‌ವೇರ್ ಹಾಕ್ಲಿ?

ಪ್ರಶ್ನೆ: ಸರ್, ಸಣ್ಣದಾಗಿ ವೆಬ್ ಹೋಸ್ಟಿಂಗ್ ಮಾಡ್ಕೊಂಡಿದೀನಿ, 60 ಡೊಮೈನ್ ಇವೆ. ಡೊಮೈನ್ ಹೆಸರಿಗೆ ಐಪಿ ಅಡ್ರೆಸ್ ಹೇಳೋ ಡಿಎನ್‌ಎಸ್ ಕೆಲಸಕ್ಕೆ ಹಳೇ ಬೈಂಡ್ 9 ಸಾಫ್ಟ್‌ವೇರ್ ಒಂದೇ ಸರ್ವರಲ್ಲಿದೆ, ಕಸ್ಟಮರ್ ಡೊಮೈನ್‌ಗೂ ಅದೇ, ಆಫೀಸ್ ಕಂಪ್ಯೂಟರ್‌ಗಳಿಗೂ ಅದೇ. ಹೋದ ವಾರ ನಿಮ್ಮ ಸರ್ವರಿಂದ ಬೇರೆಯವ್ರ ಮೇಲೆ ಅಟ್ಯಾಕ್ ಹೋಗ್ತಿದೆ ಅಂತ ಮೇಲ್ ಬಂತು. ಸೇಫಾಗೂ ಇರ್ಬೇಕು, ಡೇಟಾಬೇಸ್, ಡಿಎನ್‌ಎಸ್‌ಸೆಕ್ (ಉತ್ತರ ನಕಲಿ ಅಲ್ಲ ಅಂತ ತೋರ್ಸೋ ಡಿಜಿಟಲ್ ಸಹಿ) ಎಲ್ಲಾ ಇರ್ಬೇಕು. ಯಾವುದು ಒಳ್ಳೇದು?

ಉತ್ತರ: ಸಾಫ್ಟ್‌ವೇರ್ ಆಮೇಲೆ ನೋಡೋಣ, ಮೊದ್ಲು ಒಂದು ಚೆಕ್ ಮಾಡಿ. ಲ್ಯಾಪ್‌ಟಾಪ್‌ಗೆ ಮೊಬೈಲ್ ಹಾಟ್‌ಸ್ಪಾಟ್ ಹಾಕ್ಕೊಂಡು ಡಿಗ್ ಕಮಾಂಡಲ್ಲಿ ನಿಮ್ಮ ಸರ್ವರ್ ಹತ್ರ ವಿಕಿಪೀಡಿಯದ ಅಡ್ರೆಸ್ ಕೇಳಿ. ರೆಫ್ಯೂಸ್ಡ್ ಅಂತ ಬಂದ್ರೆ ಸರಿ, ಅಡ್ರೆಸ್ಸೇ ಬಂತು ಅಂದ್ರೆ ನಿಮ್ಮದು ಓಪನ್ ರಿಸಾಲ್ವರ್, ಅಂದ್ರೆ ಯಾರು ಕೇಳಿದ್ರೂ ಅಡ್ರೆಸ್ ಹುಡುಕಿಕೊಡುತ್ತೆ, ಯಾರೋ ಬೇರೆಯವ್ರ ಐಪಿ ಹಾಕಿ ಪುಟ್ಟ ಪ್ರಶ್ನೆ ಕಳಿಸ್ತಾನೆ, ನಿಮ್ಮ ಸರ್ವರ್ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಉತ್ತರ ತಗೊಂಡೋಗಿ ಆ ಪಾಪದವ್ರ ತಲೆ ಮೇಲೆ ಸುರಿಯುತ್ತೆ. ಬಂದ ಮೇಲ್ ಇದಕ್ಕೇ ಇರ್ಬೇಕು. ಇವತ್ತು ರಾತ್ರಿನೇ ಬೈಂಡ್ ಸೆಟ್ಟಿಂಗಲ್ಲಿ ಅಲೌ ರಿಕರ್ಶನ್ (ಬೇರೆ ಡೊಮೈನ್‌ಗಳ ಅಡ್ರೆಸ್ ಯಾರಿಗೆ ಹುಡುಕಿಕೊಡ್ಬೇಕು ಅನ್ನೋ) ಸಾಲಲ್ಲಿ ಆಫೀಸ್ ಐಪಿ ಮಾತ್ರ ಬಿಡಿ, ಬೈಂಡೂ ಅಪ್‌ಡೇಟ್ ಮಾಡಿ, 2015ರಲ್ಲಿ ಸಿಕ್ಕ ಟಿಕೀ ಬಗ್‌ನಲ್ಲಿ ಒಂದೇ ಒಂದು ಪ್ಯಾಕೆಟ್‌ಗೆ ಬೈಂಡ್ ಮಲಗ್ತಿತ್ತು.

ಆಮೇಲೆ ಎರಡು ಕೆಲಸನೂ ಬೇರೆ ಮಾಡಿ, ಇದು ಯಾವ ಫೀಚರ್‌ಗಿಂತ್ಲೂ ಮುಖ್ಯ. ಆಫೀಸ್ ಒಳಗೆ ಅಡ್ರೆಸ್ ಹುಡುಕಿಕೊಡೋಕೆ ಅನ್‌ಬೌಂಡ್ ಹಾಕಿ, ಸಾಕು. ಕಸ್ಟಮರ್ ಡೊಮೈನ್‌ಗೆ ನಾನಾದ್ರೆ ಪವರ್‌ಡಿಎನ್‌ಎಸ್ ಹಾಕ್ತೀನಿ, ನೀವು ಕೇಳಿದ ಡೇಟಾಬೇಸ್‌ಗೆ ಮೈಎಸ್‌ಕ್ಯೂಎಲ್ ಸಿಗುತ್ತೆ, ಪಿಡಿಎನ್‌ಎಸ್‌ಯುಟಿಲ್‌ನ ಒಂದು ಕಮಾಂಡಿಗೆ ಝೋನ್ (ಒಂದು ಡೊಮೈನ್‌ನ ರೆಕಾರ್ಡ್‌ಗಳ ಪಟ್ಟಿ) ಸೈನ್ ಆಗುತ್ತೆ, ಬೈಂಡ್ ಫೈಲ್‌ಗಳನ್ನ ಡೇಟಾಬೇಸಿಗೆ ಹಾಕೋಕೆ ಝೋನ್2ಎಸ್‌ಕ್ಯೂಎಲ್ ಅಂತ ಟೂಲೂ ಇದೆ. ಅದರ ವೆಬ್ ಎಪಿಐ ಮಾತ್ರ ಹೊರಗಿನವ್ರಿಗೆ ಸಿಗೋ ಹಾಗೆ ಬಿಡ್ಬೇಡಿ. ಡೇಟಾಬೇಸ್ ಬೇಡ ಅಂದ್ರೆ ಜೆಕ್ ದೇಶದ ಡಾಟ್ ಸಿಝಡ್ ನೋಡ್ಕೊಳ್ಳೋರು ಮಾಡಿರೋ ನಾಟ್ ಡಿಎನ್‌ಎಸ್ ಕೂಡ ತುಂಬಾ ಚೆನ್ನಾಗಿದೆ, ಸೈನಿಂಗ್ ತಾನೇ ಮಾಡ್ಕೊಳ್ಳುತ್ತೆ.

ಎರಡನೇ ನೇಮ್‌ಸರ್ವರ್‌ಗೆ ಮಾತ್ರ ಅದೇ ಸಾಫ್ಟ್‌ವೇರ್ ಹಾಕ್ಬೇಡಿ, ಎನ್‌ಎಸ್‌ಡಿ ಹಾಕಿ. ಅದು ರಿಕರ್ಶನ್ ಮಾಡೋದೇ ಇಲ್ಲ, 2003ರಲ್ಲೇ ಇಡೀ ಡಿಎನ್‌ಎಸ್‌ನ ಬುಡದಲ್ಲಿರೋ ರೂಟ್ ಸರ್ವರ್‌ಗಳಲ್ಲಿ ಒಂದಾದ ಕೆ ರೂಟ್ ಸರ್ವರಲ್ಲಿ ಓಡ್ಸಿದ್ದಾರೆ. ಒಂದರಲ್ಲಿ ಬಗ್ ಬಂದ್ರೂ ಇನ್ನೊಂದು ನಿಂತಿರುತ್ತೆ. ಎರಡರ ನಡುವೆ ಝೋನ್ ಟ್ರಾನ್ಸ್‌ಫರ್‌ಗೆ ಟಿಸಿಗ್ ಕೀ (ಎರಡೂ ಸರ್ವರ್‌ಗೆ ಮಾತ್ರ ಗೊತ್ತಿರೋ ಗುಟ್ಟಿನ ಕೀ) ಕಡ್ಡಾಯ.

ಡಿಎಸ್ ರೆಕಾರ್ಡ್ (ರಿಜಿಸ್ಟ್ರಾರ್ ಹತ್ರ ಕೊಡೋ ನಿಮ್ಮ ಸೈನಿಂಗ್ ಕೀಯ ಗುರುತು) ವಿಷ್ಯದಲ್ಲಿ ದಯವಿಟ್ಟು ಅವಸರ ಬೇಡ. ನಾನು ಒಂದ್ಸಲ ಸರ್ವರ್ ಬದಲಾಯಿಸ್ದಾಗ ರಿಜಿಸ್ಟ್ರಾರ್ ಹತ್ರ ಹಳೇ ಡಿಎಸ್ ಹಾಗೇ ಬಿಟ್ಟಿದ್ದೆ, ಕೆಲವರಿಗೆ ಸೈಟ್ ಬರುತ್ತೆ ಕೆಲವರಿಗೆ ಸರ್ವ್‌ಫೇಲ್ ಅನ್ನೋ ಎರರ್, ಅರ್ಧ ದಿನ ಕಸ್ಟಮರ್ ಮೇಲ್ ನಿಂತೋಯ್ತು. ಮೊದ್ಲು ನಿಮ್ಮದೇ ಒಂದು ಡೊಮೈನ್ ಸೈನ್ ಮಾಡಿ ಒಂದು ವಾರ ನೋಡಿ, ಉಳಿದ 59 ಆಮೇಲೆ.