ಸಿಂಗಪುರದ ಉದಾಹರಣೆ ನಿಮ್ಮ ವಾದಕ್ಕೇ ಎದುರು

ನಮಸ್ಕಾರ,

‘ಜಾಗತೀಕರಣದ ಕಾಲದಲ್ಲಿ ದೇಶದ ಬಲಕ್ಕೆ ಜನ, ನೆಲ ಮುಖ್ಯವಲ್ಲ, ಸಿಂಗಪುರವೇ ಸಾಕ್ಷಿ’ ಎನ್ನುವ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಬಂದರಿನ ಪ್ಯಾರಾ ತುಂಬ ಚೆನ್ನಾಗಿದೆ. ಹಡಗುಗಳ ದೊಡ್ಡ ದಾರಿಯಾದ ಮಲಕ್ಕಾ ಜಲಸಂಧಿಯ ಬಾಯಲ್ಲಿ ಕೂತಿರುವುದೇ ಆ ದೇಶದ ಶಕ್ತಿ ಎಂದಿದ್ದೀರಿ. ಅದೂ ನೆಲದಿಂದ ಬಂದ ಬಲವೇ ಅಲ್ವಾ?

ನಿಮ್ಮ ಲೇಖನ ಎಡವಿರುವುದು ಇಲ್ಲೇ. 1965ರಲ್ಲಿ ಸ್ವತಂತ್ರವಾದಾಗ ಸಿಂಗಪುರದ ವಿಸ್ತೀರ್ಣ ಸುಮಾರು 580 ಚದರ ಕಿ.ಮೀ. ಸಮುದ್ರಕ್ಕೆ ಮರಳು ತುಂಬಿ ತುಂಬಿ ಈಗ 730 ದಾಟಿದೆ. ನೆಲ ಬೇಡ ಎನ್ನುವವರು ಇಷ್ಟು ದುಡ್ಡು ಸುರಿಯುತ್ತಾರಾ? ಆ ಮರಳಿಗೂ ನೆರೆಯವರನ್ನೇ ಕೇಳಬೇಕು. 2007ರಲ್ಲಿ ಇಂಡೊನೇಷ್ಯಾ ಮರಳು ಮಾರುವುದನ್ನೇ ನಿಲ್ಲಿಸಿತು. ನೀರಿನ ಕಥೆ ಇನ್ನೂ ಗಟ್ಟಿ. 1962ರ ಒಪ್ಪಂದದಂತೆ ಮಲೇಷ್ಯಾದ ಜೊಹೊರ್‌ನಿಂದ ದಿನಕ್ಕೆ 25 ಕೋಟಿ ಗ್ಯಾಲನ್‌ವರೆಗೆ ನೀರು ತರಬಹುದು. 2061ಕ್ಕೆ ಆ ಒಪ್ಪಂದ ಮುಗಿಯುತ್ತದೆ. ಅದಕ್ಕೇ ಅವರು ಬಳಸಿದ ನೀರನ್ನು ಮತ್ತೆ ಶುದ್ಧ ಮಾಡುತ್ತಾರೆ, ಸಮುದ್ರದ ನೀರಿನ ಉಪ್ಪು ತೆಗೆಯುತ್ತಾರೆ. ಸೈನ್ಯದ ತರಬೇತಿಗೂ ಜಾಗ ಸಾಲದೆ ಆಸ್ಟ್ರೇಲಿಯಾಕ್ಕೆ ಕಳಿಸುತ್ತಾರೆ.

ಜನರ ವಿಷಯವೂ ಹಾಗೇ. 2024ರಲ್ಲಿ ಅಲ್ಲಿದ್ದವರು ಸುಮಾರು 60 ಲಕ್ಷ; ಅವರಲ್ಲಿ ಅಲ್ಲಿನ ಪ್ರಜೆಗಳು 36 ಲಕ್ಷದಷ್ಟು. ಹೆಂಗಸೊಬ್ಬರಿಗೆ ಸರಾಸರಿ ಒಂದು ಮಗುವೂ ಇಲ್ಲ. ಕಟ್ಟಡ ಏಳಬೇಕಾದರೆ ಬಾಂಗ್ಲಾದೇಶದಿಂದ, ಭಾರತದಿಂದ ಕೆಲಸಗಾರರು ಬರಬೇಕು.

ಜಾಗತೀಕರಣದಿಂದ ಜನ, ನೆಲದ ಬೆಲೆ ಇಳಿದಿಲ್ಲ ಎಂದೇ ನನಗನಿಸುತ್ತದೆ. ಬೇರೆಯವರ ನೆಲ, ನೀರು, ದುಡಿಮೆಯನ್ನು ಬಾಡಿಗೆಗೆ ಪಡೆಯುವುದು ಸುಲಭವಾಗಿದೆ. ಅದಕ್ಕೆ ದುಡ್ಡು ಬೇಕು. ಕೊಡುವವರಿಗೆ ಮನಸ್ಸೂ ಇರಬೇಕು. ‘ಗಡಿಗಳು ಅಳಿಸಿಹೋಗಿವೆ’ ಎಂದು ಬರೆದಿದ್ದೀರಿ. ದಯವಿಟ್ಟು ಆ ಸಾಲು ತೆಗೆಯಿರಿ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಮಲೇಷ್ಯಾ ಗಡಿ ಮುಚ್ಚಿದಾಗ, ದಿನಾ ಜೊಹೊರ್‌ನಿಂದ ಸಿಂಗಪುರಕ್ಕೆ ಕೆಲಸಕ್ಕೆ ಹೋಗಿಬರುತ್ತಿದ್ದವರ ಗತಿ ಏನಾಯಿತು? ಅಲ್ಲೇ ಉಳಿಯಬೇಕೋ, ಮನೆಯಲ್ಲಿ ಕೂರಬೇಕೋ ಎಂದು ರಾತ್ರೋರಾತ್ರಿ ತೀರ್ಮಾನ ಮಾಡಬೇಕಾಯಿತು. ಅವರ ಬಗ್ಗೆ ಬರೆಯಿರಿ.

ಮೊದಲ ಎರಡು ಪುಟ ಬೇಡ. ಜಾಗತೀಕರಣ ಎಂದರೇನು ಎಂದು ನಮ್ಮ ಓದುಗರಿಗೆ ಗೊತ್ತಿದೆ. ರಷ್ಯಾ, ಚೀನಾ, ಜಪಾನ್‌ಗಳನ್ನು ಒಂದೊಂದು ಸಾಲಿನಲ್ಲಿ ಸುಮ್ನೆ ಮುಟ್ಟಿ ಬಿಟ್ಟಿದ್ದೀರಿ, ಅವೂ ಬೇಡ. ನೀರಿನಿಂದಲೇ ಶುರು ಮಾಡಿ. 1,500 ಪದ ಸಾಕು. ಬಂದರಿನ ಪ್ಯಾರಾ ಮಾತ್ರ ಮುಟ್ಟಬೇಡಿ.