ಊಟದ ನಂತರ ಕುರ್ಚಿಗಳು ಏಕೆ ಖಾಲಿ?

ಅಧ್ಯಾಪಕರಿಗೂ ಬೋಧಕೇತರ ಸಿಬ್ಬಂದಿಗೂ ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಕಾರ್ಯಾಗಾರ, ತರಬೇತಿ, ಸಮ್ಮೇಳನಗಳ ಕುರಿತು ಬಂದ ಪ್ರಶ್ನೆಗಳಿಗೆ ಈ ಸಲದ ಉತ್ತರ. ಒಂದೇ ಧಾಟಿಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಅಧ್ಯಾಪಕರ ಕಾರ್ಯಾಗಾರಕ್ಕೆ 120 ಜನ ಹೆಸರು ಬರೆಸುತ್ತಾರೆ, ಬರುವವರು 60. ಊಟ ಮುಗಿಯುವಷ್ಟರಲ್ಲಿ ಸಭಾಂಗಣದಲ್ಲಿ 25 ಜನ ಉಳಿದರೆ ಪುಣ್ಯ. ಸಂಪನ್ಮೂಲ ವ್ಯಕ್ತಿಗಳು ಒಳ್ಳೆಯವರೇ. ಎಲ್ಲಿ ತಪ್ಪುತ್ತಿದ್ದೇವೆ? (ತರಬೇತಿ ಸಂಯೋಜಕರು)

ಉತ್ತರ: ಮೊದಲು ನಿಮ್ಮ ಹಾಜರಾತಿ ಹಾಳೆ ನೋಡಿ. ಬೆಳಿಗ್ಗೆ ಒಂದು ಸಹಿ ಹಾಕಿದರೆ ಪ್ರಮಾಣಪತ್ರ ಖಾತ್ರಿ ಎಂದಾದ ಮೇಲೆ ಮಧ್ಯಾಹ್ನ ಕೂರಲು ಕಾರಣವೇ ಇರುವುದಿಲ್ಲ. ಸಂಜೆಗೂ ಒಂದು ಸಹಿ ಇಟ್ಟರೆ ಜನ ಉಳಿಯುತ್ತಾರೆ, ಆದರೆ ಫೋನ್ ನೋಡಿಕೊಂಡು. ಪ್ರಮಾಣಪತ್ರವನ್ನು ಸಹಿಗಲ್ಲ, ಮಾಡಿದ ಕೆಲಸಕ್ಕೆ ಕೊಡಿ. ವಿಷಯ ಪ್ರಶ್ನೆಪತ್ರಿಕೆ ರಚನೆಯಾದರೆ, ಪ್ರತಿಯೊಬ್ಬರೂ ತಮ್ಮದೇ ಮುಂದಿನ ಪರೀಕ್ಷೆಗೆ ಐದು ಪ್ರಶ್ನೆ ಬರೆದು ಒಪ್ಪಿಸಿದ ಮೇಲೆ ಪ್ರಮಾಣಪತ್ರ.

ಎರಡನೆಯದು, ಇಡೀ ದಿನದ ಕಾರ್ಯಕ್ರಮ ಬೇಕೇ ಎಂದು ಕೇಳಿಕೊಳ್ಳಿ. ಉದ್ಘಾಟನೆ, ಸ್ವಾಗತ, ಪರಿಚಯ, ವಂದನಾರ್ಪಣೆ ಕಳೆದರೆ ಕಲಿಕೆಗೆ ಉಳಿಯುವುದು ಎಷ್ಟು ಹೊತ್ತು ಎಂದು ಹಳೆಯ ಆಹ್ವಾನಪತ್ರಿಕೆ ಹಿಡಿದು ಕೂಡಿ ನೋಡಿ. 90 ನಿಮಿಷದ ಒಂದು ಅವಧಿಯನ್ನು ಒಂದೇ ವಾರದಲ್ಲಿ ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿಗೆ ಎರಡು ಸಲ ನಡೆಸಿದರೆ ತರಗತಿ ಇದ್ದವರಿಗೂ ಒಂದಲ್ಲ ಒಂದು ಸಿಗುತ್ತದೆ. ಒಂದು ತಂಡಕ್ಕೆ 24ರಿಂದ 30 ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಕಾರ್ಯಾಗಾರ ಹೋಗಿ ಉಪನ್ಯಾಸವಾಗುತ್ತದೆ.

ಆ 90 ನಿಮಿಷವನ್ನು ಹೀಗೆ ಹಂಚಬಹುದು. ಮೊದಲ 10 ನಿಮಿಷ ಒಂದು ಕೆಟ್ಟ ಮಾದರಿ ತೋರಿಸಿ, ಇದರಲ್ಲಿ ಏನು ಸರಿಯಿಲ್ಲ ಎಂದು ಕೇಳಿ. ಮುಂದಿನ 20 ನಿಮಿಷ ವಿವರಣೆ. ಆಮೇಲೆ 35 ನಿಮಿಷ ಎಲ್ಲರೂ ತಾವು ತಂದ ಸಾಮಗ್ರಿಯ ಮೇಲೆ ಕೆಲಸ ಮಾಡಲಿ. 15 ನಿಮಿಷ ಪಕ್ಕದವರ ಕೆಲಸ ಓದಿ ತಿದ್ದುವುದು. ಉಳಿದ 10 ನಿಮಿಷ ಪ್ರಶ್ನೆಗೆ. ವಿವರಣೆ 20ರಿಂದ 50ಕ್ಕೆ ಹಿಗ್ಗುವುದೇ ಎಲ್ಲೆಡೆ ಆಗುವ ಅನಾಹುತ. ಹಿಗ್ಗಿದಷ್ಟೂ ಕತ್ತರಿ ಬೀಳುವುದು ಕೈಕೆಲಸದ ಸಮಯಕ್ಕೆ. ಸಂಪನ್ಮೂಲ ವ್ಯಕ್ತಿಗೆ ಈ ಹಂಚಿಕೆಯನ್ನು ಒಂದು ವಾರ ಮುಂಚೆಯೇ ಬರೆದು ಕಳಿಸಿ, ಸಭೆಯಲ್ಲಿ ಗಡಿಯಾರ ನೋಡಿ ಎಚ್ಚರಿಸಲು ಒಬ್ಬರನ್ನು ಕೂರಿಸಿ.

ನೋಂದಣಿ ಫಾರ್ಮ್‌ನಲ್ಲಿ ಹೆಸರು, ವಿಭಾಗದ ಜೊತೆ ಒಂದೇ ಒಂದು ಪ್ರಶ್ನೆ ಸೇರಿಸಿ: ‘ಈ ವಿಷಯದಲ್ಲಿ ಕಳೆದ ಸೆಮಿಸ್ಟರ್ ನಿಮಗೆ ಎದುರಾದ ಒಂದು ತೊಡಕು ಏನು?’ ಇದಕ್ಕೆ ಎರಡು ಸಾಲು ಬರೆಯಲು ಬೇಸರವಾದವರು ಅಲ್ಲಿಗೇ ನಿಲ್ಲುತ್ತಾರೆ, ಅದೂ ಒಳ್ಳೆಯದೇ. ಒಂದು ದಿನ ಮೊದಲು ಕಳಿಸುವ ನೆನಪಿನ ಸಂದೇಶದಲ್ಲಿ ‘ದಯವಿಟ್ಟು ಬನ್ನಿ’ ಎನ್ನುವ ಬದಲು ‘ಕಳೆದ ಸಲದ ನಿಮ್ಮ ಪ್ರಶ್ನೆಪತ್ರಿಕೆಯ ಒಂದು ಪ್ರತಿ ತನ್ನಿ’ ಎಂದಿರಲಿ. ಆಂತರಿಕ ಪರೀಕ್ಷೆ, ಮೌಲ್ಯಮಾಪನ, ಪ್ರವೇಶಾತಿಯ ವಾರಗಳಲ್ಲಿ ಏನನ್ನೂ ಇಡಬೇಡಿ. ಅನುದಾನ ಖರ್ಚಾಗಬೇಕೆಂದು ಆರ್ಥಿಕ ವರ್ಷದ ಕೊನೆಯ ವಾರಗಳಲ್ಲಿ ಸಾಲುಸಾಲಾಗಿ ನಡೆಸುವ ಕಾರ್ಯಾಗಾರಗಳ ಗತಿ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಕ್ಯಾಂಪಸ್‌ನಲ್ಲಿ ಏನು ನಡೆದರೂ ಅಧ್ಯಾಪಕರಿಗೇ. ಕಚೇರಿ ಸಿಬ್ಬಂದಿಗೆ ವರ್ಷಕ್ಕೊಮ್ಮೆ ‘ಕಂಪ್ಯೂಟರ್ ತರಬೇತಿ’ ಅಂತ ಮಾಡಿ, ಫೈಲ್ ತೆರೆಯುವುದು, ಮುಚ್ಚುವುದು ಹೇಳಿಕೊಡುತ್ತಾರೆ. ನಮಗೆ ಬೇಕಾದ್ದನ್ನು ಕೇಳಿ ಪಡೆಯುವುದು ಹೇಗೆ? (ಪರೀಕ್ಷಾ ವಿಭಾಗದ ಅಧೀಕ್ಷಕಿ)

ಉತ್ತರ: ‘ನಮಗೆ ಎಕ್ಸೆಲ್ ತರಬೇತಿ ಬೇಕು’ ಎಂದು ಮನವಿ ಕೊಟ್ಟರೆ ಮತ್ತದೇ ಫೈಲ್ ತೆರೆಯುವ ಪಾಠ ಬರುತ್ತದೆ. ಎರಡು ವಾರ ಒಂದು ನೋಟ್‌ಬುಕ್ ಇಡಿ. ಯಾವ ಕಡತ, ಪಟ್ಟಿ ಅಥವಾ ಪತ್ರ ತಿದ್ದುಪಡಿಗೆ ವಾಪಸ್ ಬಂತು, ಏಕೆ ಬಂತು, ಸರಿಪಡಿಸಲು ಎಷ್ಟು ಹೊತ್ತು ಹಿಡಿಯಿತು ಎಂಬ ಮೂರು ಕಾಲಂ ಸಾಕು. ಅದನ್ನು ಲಗತ್ತಿಸಿದ ಮನವಿಗೆ ಬೇರೆಯದೇ ತೂಕ.

ಪರೀಕ್ಷಾ ವಿಭಾಗದಲ್ಲಿ ಹೀಗೆ ಪಟ್ಟಿ ಮಾಡಿದರೆ ಸಾಮಾನ್ಯವಾಗಿ ಸಿಕ್ಕಿಬೀಳುವ ತಪ್ಪುಗಳು ಕೆಲವೇ. ಸಿಎಸ್‌ವಿ ಫೈಲನ್ನು (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಟ್ಟಿ) ನೇರವಾಗಿ ಡಬಲ್ ಕ್ಲಿಕ್ ಮಾಡಿ ತೆರೆದರೆ 00417 ಎಂಬ ನೋಂದಣಿ ಸಂಖ್ಯೆ 417 ಆಗುತ್ತದೆ. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ನಿಖರ. 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆಯನ್ನು ಹಾಗೇ ಟೈಪ್ ಮಾಡಿದರೆ ಕೊನೆಯ ಅಂಕಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ, ಪರೀಕ್ಷಕರ ಸಂಭಾವನೆ ಹೋಗಬೇಕಾದ ಕಡೆ ಹೋಗುವುದಿಲ್ಲ. ಎರಡಕ್ಕೂ ಮದ್ದು ಒಂದೇ: ಅಂಕಿ ತುಂಬುವ ಮೊದಲು ಆ ಕಾಲಂ ಅನ್ನು ‘ಟೆಕ್ಸ್ಟ್’ ಮಾಡಿಕೊಳ್ಳುವುದು. ಸಿಎಸ್‌ವಿಯಾದರೆ ಡೇಟಾ ಮೆನುವಿನ ಮೂಲಕ ಒಳತಂದು, ಅಲ್ಲಿ ಕಾಲಂನ ಬಗೆಯನ್ನು ಟೆಕ್ಸ್ಟ್ ಎಂದು ಆರಿಸುವುದು. ಸೊನ್ನೆಯಾದ ಮೇಲೆ ಟೆಕ್ಸ್ಟ್ ಮಾಡಿದರೆ ಹೋದ ಅಂಕಿ ಮರಳಿ ಬರುವುದಿಲ್ಲ.

ಇನ್ನೊಂದು, ವಿ-ಲುಕಪ್, ಅಂದರೆ ಒಂದು ಪಟ್ಟಿಯಲ್ಲಿ ಹುಡುಕಿ ಅದರ ಮುಂದಿನ ಮಾಹಿತಿ ತರುವ ಎಕ್ಸೆಲ್ ಸೂತ್ರ. ಸೂತ್ರದ ಕೊನೆಯಲ್ಲಿ ಸೊನ್ನೆ ಅಥವಾ ‘ಫಾಲ್ಸ್’ ಹಾಕದೆ ಬಿಟ್ಟರೆ ಅದು ಹತ್ತಿರದ ಹೊಂದಿಕೆಯನ್ನು ಹುಡುಕುತ್ತದೆ. ಆ ನೋಂದಣಿ ಸಂಖ್ಯೆ ಪಟ್ಟಿಯಲ್ಲಿ ಇಲ್ಲದಿದ್ದರೂ ಬೇರೆ ವಿದ್ಯಾರ್ಥಿಯ ಅಂಕ ತಂದು ಕೂರಿಸಬಹುದು, ದೋಷದ ಸೂಚನೆಯೂ ಬರುವುದಿಲ್ಲ. ಸೊನ್ನೆ ಹಾಕಿದ ಮೇಲೂ ಇರುವ ಹೆಸರು ಸಿಗದಿದ್ದರೆ ಕೋಶದ ಕೊನೆಯಲ್ಲಿ ಕಣ್ಣಿಗೆ ಕಾಣದ ಖಾಲಿ ಜಾಗವಿರಬಹುದು, ಅದನ್ನು ತೆಗೆಯುವ ಟ್ರಿಮ್ ಸೂತ್ರ ಹಾಕಿ ನೋಡಿ. ಮೇಲ್ ಮರ್ಜ್‌ನಲ್ಲಿ (ಪಟ್ಟಿಯ ಮಾಹಿತಿ ತುಂಬಿ ಒಂದೇ ಪತ್ರವನ್ನು ಹಲವರಿಗೆ ಮುದ್ರಿಸುವಾಗ) ಶೇ. 85.5 ಎಂಬುದು 0.855 ಎಂದು ಮುದ್ರಣವಾಗುವುದೂ ಇದೇ ಜಾತಿಯ ತೊಂದರೆ. ಪಕ್ಕದ ಕಾಲಂನಲ್ಲಿ ಟೆಕ್ಸ್ಟ್ ಫಂಕ್ಷನ್ ಬಳಸಿ ಅಕ್ಷರರೂಪ ಮಾಡಿ, ಆ ಕಾಲಂ ಅನ್ನು ಪತ್ರಕ್ಕೆ ಜೋಡಿಸಿ.

ಇಷ್ಟನ್ನು ಎರಡು ಗಂಟೆಯ ಎರಡು ತರಗತಿಯಲ್ಲಿ, ನಿಮ್ಮದೇ ಹಳೆಯ ಪಟ್ಟಿಗಳ ಮೇಲೆ (ಹೆಸರು ಬದಲಿಸಿ) ಕಲಿಸಬಹುದು. ಕಲಿಸಲು ಹೊರಗಿನವರು ಬೇಕೆಂದೇನಿಲ್ಲ, ಪಕ್ಕದ ವಿಭಾಗದಲ್ಲೇ ಬಲ್ಲವರು ಇರುತ್ತಾರೆ. ಅಡ್ಡಿಯಾಗುವುದು ಕೌಂಟರ್. ತರಬೇತಿಗೆ ಹೋದವರ ಜಾಗದಲ್ಲಿ ಕೂರುವವರು ಯಾರೆಂದು ಆದೇಶದಲ್ಲೇ ಬರೆಸಿಕೊಳ್ಳಿ, ಅರ್ಧ ಸಿಬ್ಬಂದಿ ಒಂದು ದಿನ, ಇನ್ನರ್ಧ ಮತ್ತೊಂದು ದಿನ. ಇದಿಲ್ಲದಿದ್ದರೆ ತರಬೇತಿಯ ನಡುವೆಯೇ ‘ಒಂದು ಸಹಿ ಬೇಕಿತ್ತು’ ಎಂದು ಕರೆ ಬರುತ್ತದೆ, ಎದ್ದು ಹೋದವರು ಮರಳುವುದಿಲ್ಲ.

ಪ್ರಶ್ನೆ: ಸಹೋದ್ಯೋಗಿಗಳು ಪರಸ್ಪರರ ತರಗತಿಯಲ್ಲಿ ಕೂತು ನೋಡಬೇಕೆಂಬ ಯೋಜನೆ ನಮ್ಮಲ್ಲಿ ಶುರುವಾಗಿದೆ. ತಪಾಸಣೆಯ ಹಾಗೆ ಅನ್ನಿಸುತ್ತದೆ. ಪ್ರಯೋಜನ ಇದೆಯೇ? (ಸಹಾಯಕ ಪ್ರಾಧ್ಯಾಪಕ)

ಉತ್ತರ: ವಿಭಾಗದ ಮುಖ್ಯಸ್ಥರು ಹಿಂದಿನ ಬೆಂಚಿನಲ್ಲಿ ಕೂತು ಅಂಕ ಹಾಕಿ, ಆ ಹಾಳೆ ಬಡ್ತಿಯ ಕಡತಕ್ಕೆ ಹೋಗುವುದಾದರೆ ನಿಮ್ಮ ಅನುಮಾನ ಸರಿ. ಅಂಥ ದಿನ ಎಲ್ಲರೂ ಕಂಠಪಾಠದ ಪಾಠವನ್ನೇ ಮಾಡುತ್ತಾರೆ. ನೋಡಿದವರ ಟಿಪ್ಪಣಿ ನೋಡಿಸಿಕೊಂಡವರ ಕೈಗೆ ಮಾತ್ರ ಹೋಗಬೇಕು. ಕಚೇರಿಗೆ ತಲುಪಬೇಕಾದ್ದು ‘ಇಂಥ ದಿನ ನಡೆಯಿತು’ ಎಂಬ ಒಂದು ಸಾಲು.

ಕ್ರಮ ಹೀಗೆ. ಮುಂಚಿನ ದಿನ ಇಬ್ಬರೂ 15 ನಿಮಿಷ ಕೂತು ಏನನ್ನು ಗಮನಿಸಬೇಕೆಂದು ಗೊತ್ತುಮಾಡಿಕೊಳ್ಳಿ. ಅದು ಒಂದೇ ವಿಷಯವಾಗಿರಲಿ, ಮತ್ತು ಎಣಿಸಬಹುದಾದದ್ದು. ‘ಪಾಠ ಹೇಗಿತ್ತು ನೋಡಿ’ ಎಂದರೆ ಕೊನೆಗೆ ‘ಚೆನ್ನಾಗಿತ್ತು ಸರ್’ ಎಂಬ ಉತ್ತರವೇ ಗತಿ. ‘ಪ್ರಶ್ನೆ ಕೇಳಿದ ಮೇಲೆ ನಾನು ಎಷ್ಟು ಹೊತ್ತು ಕಾಯುತ್ತೇನೆ ನೋಡಿ’ ಎಂದರೆ ಕೆಲಸ ಆಗುತ್ತದೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಅಳೆದು ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದದ್ದು ಕಂಡಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ವಿದ್ಯಾರ್ಥಿಗಳ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು. ಹಿಂದೆ ಕೂತವರು ಮನಸ್ಸಿನಲ್ಲೇ ಎಣಿಸಿ ಬರೆದುಕೊಂಡರೆ ಸಾಕು: ‘10.12ಕ್ಕೆ ಪ್ರಶ್ನೆ, ಒಂದು ಸೆಕೆಂಡು, ನೀವೇ ಉತ್ತರ ಹೇಳಿದಿರಿ. 10.19ಕ್ಕೆ ಪ್ರಶ್ನೆ, ನಾಲ್ಕು ಸೆಕೆಂಡು, ಎಡಗಡೆಯ ಮೂರನೇ ಸಾಲಿನಿಂದ ಉತ್ತರ.’ ಇಂಥ ಹಾಳೆ ಕೈಗೆ ಬಂದರೆ ಬೇಸರಪಡುವಂಥದ್ದು ಏನೂ ಇರುವುದಿಲ್ಲ.

ಪಾಠ ಮುಗಿದ ಎರಡು ದಿನದೊಳಗೆ ಮಾತಾಡಿ. ಮೊದಲು ಪಾಠ ಮಾಡಿದವರು ಹೇಳಲಿ, ಆಮೇಲೆ ನೋಡಿದವರು. ಬೇರೆ ವಿಭಾಗದವರನ್ನು ಕರೆಯುವುದು ಇನ್ನೂ ಒಳ್ಳೆಯದು. ವಿಷಯ ಗೊತ್ತಿಲ್ಲದವರು ವಿದ್ಯಾರ್ಥಿ ಎಡವಿದ ಕಡೆಯೇ ಎಡವುತ್ತಾರೆ.

ಪ್ರಶ್ನೆ: ‘ನಿಮ್ಮ ಪ್ರಬಂಧ ಮಂಡಿಸಲು ಬನ್ನಿ’ ಎಂದು ದಿನಕ್ಕೆರಡು ಸಮ್ಮೇಳನಗಳ ಆಹ್ವಾನ ಬರುತ್ತದೆ. ಅಸಲಿ ಯಾವುದು? (ಸಂಶೋಧಕಿ)

ಉತ್ತರ: 2016ರಲ್ಲಿ ನ್ಯೂಜಿಲೆಂಡಿನ ಕ್ರಿಸ್ಟೋಫ್ ಬಾರ್ಟ್‌ನೆಕ್ ಎಂಬ ಪ್ರಾಧ್ಯಾಪಕರು ಫೋನ್‌ನ ಕೀಲಿಮಣೆ ತಾನೇ ಸೂಚಿಸಿದ ಪದಗಳನ್ನು ಒತ್ತುತ್ತ ಹೋಗಿ, ಅರ್ಥವೇ ಇಲ್ಲದ ಸಾರಾಂಶವೊಂದನ್ನು ಪರಮಾಣು ಭೌತವಿಜ್ಞಾನದ ಸಮ್ಮೇಳನಕ್ಕೆ ಕಳಿಸಿದರು. ಮೂರು ಗಂಟೆಯಲ್ಲಿ ಅಂಗೀಕಾರದ ಪತ್ರ ಬಂತು, ಶುಲ್ಕ ಕಟ್ಟಿ ಎಂಬ ಕೋರಿಕೆಯೊಂದಿಗೆ. ನಕಲಿ ಸಮ್ಮೇಳನಕ್ಕೆ ಅಂಗೀಕಾರದ ವೇಗವೇ ಮೊದಲ ಲಕ್ಷಣ. ಒಂದೇ ಹೋಟೆಲಿನಲ್ಲಿ ಅದೇ ದಿನಾಂಕಕ್ಕೆ ದಂತವೈದ್ಯಕೀಯ, ಕೃಷಿ, ರೋಬೋಟ್ ಎಲ್ಲವೂ ನಡೆಯುವುದು ಎರಡನೆಯ ಲಕ್ಷಣ. ಸಮಿತಿಯಲ್ಲಿರುವ ಒಬ್ಬರ ವಿಶ್ವವಿದ್ಯಾಲಯದ ಪುಟದಿಂದ ಇಮೇಲ್ ವಿಳಾಸ ತೆಗೆದು (ಆಹ್ವಾನದಲ್ಲಿರುವ ವಿಳಾಸಕ್ಕಲ್ಲ) ‘ತಾವು ಈ ಸಮಿತಿಯಲ್ಲಿದ್ದೀರಾ?’ ಎಂದು ಕೇಳಿ. ಹೆಸರು ಬಳಸಿದ್ದೇ ಅವರಿಗೆ ಗೊತ್ತಿರದಿದ್ದರೆ ಅಲ್ಲಿಗೆ ತೀರ್ಮಾನ ಆಯಿತು. ಕಳೆದ ವರ್ಷದ ಕಾರ್ಯಕ್ರಮ ಪಟ್ಟಿ ಸಿಗುತ್ತದೆಯೇ, ಅದರಲ್ಲಿ ನಿಮ್ಮ ಕ್ಷೇತ್ರದ ಪರಿಚಿತ ಹೆಸರುಗಳಿವೆಯೇ ಎಂದೂ ನೋಡಿ. ಶುಲ್ಕ ಕಟ್ಟುವುದು ಇದೆಲ್ಲ ಆದ ಮೇಲೆ.

ಪ್ರಶ್ನೆ: ನಮ್ಮ ಪ್ರತಿಯೊಂದು ಕಾರ್ಯಕ್ರಮಕ್ಕೂ ಅಭಿಪ್ರಾಯ ಫಾರ್ಮ್‌ನಲ್ಲಿ 5ಕ್ಕೆ 4.8 ಬರುತ್ತದೆ. ಆದರೂ ತರಗತಿಗಳಲ್ಲಿ ಏನೂ ಬದಲಾದಂತಿಲ್ಲ. (ಗುಣಮಟ್ಟ ಕೋಶದ ಸದಸ್ಯರು)

ಉತ್ತರ: ಫಾರ್ಮ್ ಅಳೆಯುತ್ತಿರುವುದು ಸಂತೋಷವನ್ನು. ಅಮೆರಿಕದ ತರಬೇತಿ ತಜ್ಞ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯ ಮೌಲ್ಯಮಾಪನವನ್ನು ನಾಲ್ಕು ಹಂತ ಮಾಡಿದ್ದರು: ಮೆಚ್ಚಿದರೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಅದರಿಂದ ಫಲ ಬಂತೇ. ನಿಮ್ಮ 4.8 ಮೊದಲ ಹಂತದ್ದು. ಮನೆಗೆ ಹೊರಡುವ ಅವಸರದಲ್ಲಿ, ಸಂಘಟಕರ ಎದುರಲ್ಲೇ, ಹೆಸರು ಬರೆದು ತುಂಬುವ ಹಾಳೆಯಲ್ಲಿ 2 ಹಾಕುವವರು ಯಾರು?

ಮೂರನೇ ಹಂತ ತಲುಪಲು ಆರು ವಾರ ಬಿಟ್ಟು ಮೂರು ಪ್ರಶ್ನೆ ಕಳಿಸಿ. ಕಲಿತದ್ದರಲ್ಲಿ ಏನನ್ನು ಬಳಸಿದಿರಿ? ಎಲ್ಲಿ ಕೈಕೊಟ್ಟಿತು? ಬಳಸಲಾಗದಿದ್ದರೆ ಅಡ್ಡಿ ಏನು? ಉತ್ತರಗಳು ಕಡಿಮೆ ಬರುತ್ತವೆ, ಬಂದಷ್ಟೂ ಉಪಯುಕ್ತ. ‘ಪ್ರೊಜೆಕ್ಟರ್ ಇಲ್ಲ’, ‘ಒಂದು ತರಗತಿಗೆ 90 ವಿದ್ಯಾರ್ಥಿಗಳು, ಗುಂಪು ಮಾಡಲು ಜಾಗವಿಲ್ಲ’ ಎಂಬ ಉತ್ತರಗಳೇ ಹೆಚ್ಚಾಗಿದ್ದರೆ, ಮುಂದಿನ ಕಾರ್ಯಾಗಾರದ ಹಣವನ್ನು ಅಲ್ಲಿಗೆ ಕೊಡಿ. ಕಲಿಕೆ ಸಾಲದೆ ಬದಲಾವಣೆ ನಿಂತದ್ದಲ್ಲ ಅದು. ಆರು ವಾರಕ್ಕೆ ಅದೇ ತಂಡವನ್ನು ಒಂದು ಗಂಟೆ ಮತ್ತೆ ಸೇರಿಸಲು ಸಾಧ್ಯವಾದರೆ ಇನ್ನೂ ಸರಿ. ಅದರ ದಿನಾಂಕವನ್ನು ಮೊದಲ ದಿನದ ಆಹ್ವಾನದಲ್ಲೇ ಅಚ್ಚು ಹಾಕಿಸಿ.

ಪ್ರಶ್ನೆ: ಸಭಾಂಗಣದಲ್ಲೂ ಆನ್‌ಲೈನ್‌ನಲ್ಲೂ ಒಟ್ಟಿಗೆ ಕಾರ್ಯಕ್ರಮ ನಡೆಸಿದಾಗ ಆನ್‌ಲೈನ್‌ನವರಿಗೆ ಕೀರಲು ಸದ್ದು ಬಿಟ್ಟರೆ ಏನೂ ಕೇಳಿಸುವುದಿಲ್ಲ. (ತಾಂತ್ರಿಕ ಸಹಾಯಕ)

ಉತ್ತರ: ಸಭಾಂಗಣದಲ್ಲಿ ಕೂತ ಇಬ್ಬರು ಮೂವರು ತಮ್ಮ ಲ್ಯಾಪ್‌ಟಾಪಿನಿಂದಲೂ ಮೀಟಿಂಗ್‌ಗೆ ಸೇರಿರುತ್ತಾರೆ. ಒಂದರ ಸ್ಪೀಕರ್ ಸದ್ದು ಇನ್ನೊಂದರ ಮೈಕಿಗೆ ಹೋಗಿ ಸುತ್ತು ಹೊಡೆಯುವುದೇ ಆ ಕೀರಲು. ಕೋಣೆಯಲ್ಲಿ ಒಂದೇ ಯಂತ್ರದ ಮೈಕ್, ಸ್ಪೀಕರ್ ತೆರೆದಿರಲಿ. ಉಳಿದವರು ಮೈಕ್ ಮುಚ್ಚಿದರೆ ಸಾಲದು, ಸ್ಪೀಕರನ್ನೂ ಮುಚ್ಚಬೇಕು. ಸಭಿಕರ ಪ್ರಶ್ನೆಗೆ ಮೈಕ್ ಹೊತ್ತೊಯ್ಯಲು ಒಬ್ಬರಿರಲಿ. ಇಲ್ಲದಿದ್ದರೆ ಉತ್ತರಿಸುವವರು ಪ್ರಶ್ನೆಯನ್ನು ಒಮ್ಮೆ ತಾವೇ ಮತ್ತೆ ಹೇಳಿ ಆಮೇಲೆ ಉತ್ತರಿಸಲಿ. ಪರೀಕ್ಷೆ ಮಾಡುವಾಗ ಕೇಳುಗರು ಕಟ್ಟಡದ ಹೊರಗಿರಬೇಕು. ಹಾಲ್‌ನಲ್ಲೇ ನಿಂತು ‘ಕೇಳಿಸ್ತಾ?’ ಎಂದರೆ ಎಲ್ಲರಿಗೂ ಕೇಳಿಸುತ್ತದೆ.