ಬೀದರ್ ಚಳಿಗೆ ಬಿಸಿಗಾಳಿ ಕೊಡುವ ಎಸಿ ತಗೊಳ್ಳಬಹುದಾ? ಯಾವುದು ನೋಡಬೇಕು?

ಖಂಡಿತ ತಗೊಳ್ಳಬಹುದು. ಅಂಗಡಿಯಲ್ಲಿ ‘ಹಾಟ್ ಅಂಡ್ ಕೋಲ್ಡ್ ಇನ್ವರ್ಟರ್ ಸ್ಪ್ಲಿಟ್’ ಅಂತ ಕೇಳಿ. ಇದು ಡಕ್ಟ್ (ಗಾಳಿ ಸಾಗಿಸುವ ದೊಡ್ಡ ಕೊಳವೆ) ಇಲ್ಲದ ಹೀಟ್ ಪಂಪ್, ಅಂದ್ರೆ ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಯಂತ್ರ. ಬೇಸಿಗೆಯಲ್ಲಿ ಕೋಣೆಯ ಸೆಕೆಯನ್ನು ಹೊರಗೆ ಹಾಕುತ್ತದೆ. ಚಳಿಗಾಲದಲ್ಲಿ ಅದೇ ಗ್ಯಾಸ್ ಉಲ್ಟಾ ಹರಿದು, ಹೊರಗಿನ ತಣ್ಣನೆ ಗಾಳಿಯಿಂದಲೇ ಶಾಖ ಹೀರಿ ಒಳಗೆ ತರುತ್ತದೆ. ಕಾಯಿಲ್ ಹೀಟರ್ 1 ಯೂನಿಟ್ ಕರೆಂಟಿಗೆ 1 ಯೂನಿಟ್ ಶಾಖ ಕೊಟ್ಟರೆ, ಇದು ನಮ್ಮಂಥ ಚಳಿಯಲ್ಲಿ ಸುಮಾರು 3 ಯೂನಿಟ್ ಕೊಡುತ್ತದೆ.

ಚಳಿ ಹೆಚ್ಚಿದಷ್ಟೂ ಇದರ ಶಕ್ತಿ ಇಳಿಯುತ್ತದೆ ನಿಜ. ಲಡಾಖ್‌ನಲ್ಲಾದರೆ ಮೈನಸ್ 15ರಲ್ಲೂ ಓಡುವ ಮಾದರಿಯೇ ಬೇಕು. ನಮ್ಮಲ್ಲಿ ಚಳಿ ಜೋರಾದ ರಾತ್ರಿಯಲ್ಲೂ 10 ಡಿಗ್ರಿ ಆಸುಪಾಸು ಅಲ್ವಾ? ಅಂಥ ಮಾದರಿಗೆ ಸುಮ್ನೆ ಜಾಸ್ತಿ ದುಡ್ಡು ಸುರಿಯಬೇಡಿ.

ಒಂದು ಮಾತು ಮಾತ್ರ ನೆನಪಿಡಿ. ಸ್ಟಾರ್ ಲೇಬಲ್ ತಣ್ಣಗೆ ಮಾಡುವ ಲೆಕ್ಕವನ್ನಷ್ಟೇ ಹೇಳುತ್ತದೆ. ಬಿಸಿ ಮಾಡುವ ಸಾಮರ್ಥ್ಯ ಎಷ್ಟು ಕಿಲೋವ್ಯಾಟ್, ಅದಕ್ಕೆ ಕರೆಂಟ್ ಎಷ್ಟು ಅಂತ ಕಂಪನಿಯ ಪಟ್ಟಿಯಲ್ಲೇ ನೋಡಿ.

ಬಿಸಿಗಾಳಿ ಮೇಲಕ್ಕೇ ಏರುತ್ತದೆ. ನಮ್ಮ ಮನೆಯಲ್ಲಿ ಮೊದಲ ದಿನ ಸೂರು ಬೆಚ್ಚಗಿತ್ತು, ಚಾಪೆ ಮೇಲೆ ಕೂತ ಅವ್ವನ ಕಾಲು ಮಾತ್ರ ತಣ್ಣಗೇ ಇತ್ತು. ಎಸಿಯ ಗಾಳಿ ತಿರುಗಿಸುವ ರೆಕ್ಕೆಯನ್ನು ಪೂರ್ತಿ ಕೆಳಕ್ಕೆ ತಿರುಗಿಸಿದ ಮೇಲೆ ಸರಿಹೋಯಿತು. ಚಳಿಗಾಲದಲ್ಲಿ ಹೊರಗಿನ ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುತ್ತದೆ. ಅದು ಕೆಟ್ಟಿದ್ದಲ್ಲ, ಗಾಬರಿ ಬೇಡ. ಆದರೆ ಆ ನೀರು ಪಕ್ಕದವರ ಅಂಗಳಕ್ಕೆ ಬೀಳದ ಹಾಗೆ ಕೂರಿಸಿ.